ಪುಟದಲ್ಲಿ ಇಲ್ಲದ್ದು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಸುಭದ್ರಮ್ಮ ಅಂತ ಒಬ್ಬ ಗುರುಗಳಿದ್ದರು. ಆಶ್ರಮ ಅಂದರೆ ಒಂದು ಕೋಣೆ, ಒಂದು ಜಗಲಿ, ಜಗಲಿ ಇಳಿದರೆ ನೀರು. ಗುರುಗಳು ಬಹಳ ವರ್ಷ ಚೀನಾದಲ್ಲಿದ್ದು ಬಂದವರು. ಅಲ್ಲಿನ ಭಾಷೆ ಕಲಿಯೋಕೆ ಅಂತ ಪುಂಡಲೀಕ ಅವರ ಹತ್ತಿರ ಬಂದು ಸೇರಿದ್ದ.

ಪುಂಡಲೀಕನ ಅಪ್ಪ ಹರಿಕಥೆ ದಾಸರು. ಅವರ ಕಥೆಯಲ್ಲಿ ರಾಮ ಕಾಡಿಗೆ ಹೊರಟರೆ ಊರ ಬಾಗಿಲು ದಾಟೋ ಹೊತ್ತಿಗೆ ಬೆಳಗಾಗುತ್ತಿತ್ತು. ಮಗನಿಗೂ ಅದೇ ಬಾಯಿ ಬಂದಿತ್ತು.

ಚೀನೀ ಭಾಷೆಯ ಮೇಲ್ಮಟ್ಟದ ಪರೀಕ್ಷೆಯಲ್ಲಿ ಅವನಿಗೆ ಕೇಳೋದು ಸಲೀಸು, ಓದೋದು ಸಲೀಸು. ಬರೆಯೋದರಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದ. ಚೀನಾದ ಒಂದು ಕಾಲೇಜು ಅವನಿಗೋಸ್ಕರ ಸೀಟು ಹಿಡಿದಿಟ್ಟಿತ್ತು. ಈ ಸಲವೂ ಹೋದರೆ ಅದು ಬೇರೆಯವರಿಗೆ.

ಆ ಪರೀಕ್ಷೆಯ ಪದ್ಧತಿಯೇ ಹಾಗೆ. ಸಾವಿರ ಅಕ್ಷರದ ಒಂದು ಕಥೆ ಕೊಡುತ್ತಾರೆ. ಓದಬೇಕು, ಗುರುತು ಹಾಕಿಕೊಳ್ಳೋ ಹಾಗಿಲ್ಲ. ಹತ್ತು ನಿಮಿಷಕ್ಕೆ ಪುಟ ವಾಪಸ್ ತಗೊಂಡುಬಿಡುತ್ತಾರೆ. ಆಮೇಲೆ ಅದೇ ಕಥೆಯನ್ನ ನಾನೂರು ಅಕ್ಷರದಲ್ಲಿ ಬರೆಯಬೇಕು. ಇದ್ದದ್ದನ್ನ ಮಾತ್ರ. ನಮ್ಮ ಅಭಿಪ್ರಾಯ ಯಾರಿಗೂ ಬೇಡ.

ಒಂದು ಬೆಳಿಗ್ಗೆ ಸುಭದ್ರಮ್ಮ ಅವನಿಗೆ ಒಂದು ಪುಟ ಕೊಟ್ಟರು. ಅವನು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ಓದಿದ. ಹೊತ್ತಾದ ಮೇಲೆ ಅವರು ಪುಟ ಇಸಕೊಂಡು, ಮಡಚಿ ದೋಣಿ ಮಾಡಿ ಹೊಳೆಗೆ ಬಿಟ್ಟರು.

ಪುಂಡಲೀಕ ಪಂಚೆ ಸಮೇತ ನೀರಿಗೆ ಇಳಿದ. ದೋಣಿ ಸಿಕ್ಕಿತು. ಅಕ್ಷರ ಸಿಗಲಿಲ್ಲ.

ಒದ್ದೆ ಪಂಚೆಯಲ್ಲೇ ಕೂತು ಬರೆದ. ಗುರುಗಳು ಓದಿದರು.

"ಈ ಮುದುಕಿ ಯಾರು?"

"ನೆನಪು ಹೋದ ಜಾಗದಲ್ಲಿ ಹಾಕಿದೆ ಅಮ್ಮ."

"ಅಳ್ತಾ ಇದಾಳಲ್ಲ."

"ಸುಮ್ನೆ ನಿಂತಿದ್ರೆ ಚೆನ್ನಾಗಿರಲ್ಲ ಅಂತ."

ಬರೆದದ್ದರ ಕೊನೆಯಲ್ಲಿ ಜಗತ್ತಿಗೆ ಒಂದು ನೀತಿಯೂ ಇತ್ತು. ಅದು ಯಾಕೆ ಅಂತ ಅವರು ಕೇಳಲಿಲ್ಲ. ಪುಂಡಲೀಕನೇ ತಡೆಯಲಾರದೆ ಹೇಳಿದ: "ಪುಟ ಕಿತ್ಕೊಂಡ ತಕ್ಷಣ ಎಲ್ಲಾ ಮರೆತುಹೋಗುತ್ತೆ ಅಂತ ಭಯ ಅಮ್ಮ. ಖಾಲಿ ಜಾಗ ಕಂಡ್ರೆ ಕೈ ನಿಲ್ಲಲ್ಲ."

"ಸಾವಿರದಲ್ಲಿ ಆರುನೂರು ಹೋಗ್ಲಿ ಅಂತ ಅವರೇ ಹೇಳ್ತಿದ್ದಾರಲ್ಲಪ್ಪ. ಮರೆಯೋಕೆ ನಿಂಗೇನು ಕಷ್ಟ?"

ಆಮೇಲೆ ಅವರು ಮಂಡಿ ಹಿಡಿದುಕೊಂಡು ಕೂತರು. ಆಚೆ ದಡದಲ್ಲಿ ಹರಿಗೋಲು ಹಾಕೋ ಕೆಂಚಣ್ಣನ ಮೊಮ್ಮಗಳಿಗೆ ಮಾರನೇ ದಿನ ನಾಮಕರಣ. ಗುರುಗಳೇ ಬಂದು ಹೆಸರು ಕೂಗಬೇಕು ಅಂತ ಮಾತಾಗಿತ್ತು. ಸುಭದ್ರಮ್ಮ ಪುಂಡಲೀಕನನ್ನ ಕಳಿಸಿದರು.

"ಅಮ್ಮನಿಗೆ ಮಂಡಿ ನೋವು, ನಾಳೆ ಬರಲ್ಲ. ಅಷ್ಟು ಹೇಳಿ ಬಾ."

ಪುಂಡಲೀಕ ದಾರಿ ಉದ್ದಕ್ಕೂ ಅದನ್ನೇ ಗುನುಗಿಕೊಂಡು ಹೋದ. ಆಚೆ ದಡದಲ್ಲಿ ಕೆಂಚಣ್ಣನ ಮನೆಯವರೆಲ್ಲ ಚಪ್ಪರ ಕಟ್ಟುತ್ತಿದ್ದರು. ಅವನನ್ನ ನೋಡಿ ಕೆಲಸ ನಿಲ್ಲಿಸಿ ಸುತ್ತ ಕೂತರು.

ಜನ ಸುತ್ತ ಕೂತರೆ ಆ ವಂಶದವರಿಗೆ ಏನಾಗುತ್ತೋ ಅದೇ ಆಯಿತು.

ಮಂಡಿ ನೋವಿನಿಂದಲೇ ಶುರು ಮಾಡಿದ. ಆದರೆ ಅದೊಂದೇ ಬೋಳು ಬೋಳು ಅನ್ನಿಸಿತು. ಅಮ್ಮ ಹೊಳೆಯನ್ನೇ ನೋಡುತ್ತಾ ಕೂತಿದ್ದರು ಅಂದ. ದೇಹ ಹಳೇ ಹರಿಗೋಲು ಅಂದ. ಇನ್ನು ಈ ದಡಕ್ಕೆ ಬರೋದು ಯಾವ ಕಾಲಕ್ಕೋ ಅಂತ ದನಿ ಇಳಿಸಿದ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅವನಿಗೇ ಕಣ್ಣು ಒದ್ದೆಯಾಯಿತು. ಅಭ್ಯಾಸಬಲದಿಂದ ಕೊನೆಗೆ ಒಂದು ಮಂಗಳವನ್ನೂ ಹಾಡಿ, ಕೊಟ್ಟ ಮಜ್ಜಿಗೆ ಕುಡಿದು ಬಂದ.

ಮಾರನೇ ದಿನ ಎರಡು ಹರಿಗೋಲು ಬಂದವು. ಒಂದರಲ್ಲಿ ಜನ, ಹೂವಿನ ಹಾರ, ಒಬ್ಬ ತಮಟೆಯವನು. ಇನ್ನೊಂದರಲ್ಲಿ ಹಸಿ ಬಿದಿರು, ಸೌದೆ.

ಸುಭದ್ರಮ್ಮ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

ತಮಟೆಯವನು ಶುರು ಮಾಡಿದ್ದನ್ನ ಅರ್ಧಕ್ಕೆ ನಿಲ್ಲಿಸಲಾರದೆ ಇನ್ನೂ ಸ್ವಲ್ಪ ಬಾರಿಸಿ ನಿಲ್ಲಿಸಿದ. ಹಾರ ಹಿಡಿದವಳಿಗೆ ಏನು ಮಾಡಬೇಕೋ ತೋಚಲಿಲ್ಲ. ಸುಭದ್ರಮ್ಮನೇ ಕತ್ತು ಬಗ್ಗಿಸಿ ಹಾಕಿಸಿಕೊಂಡರು. ಮಲ್ಲಿಗೆ ಚೆನ್ನಾಗಿದೆ ಅಂದರು.

ನಾಮಕರಣ ನಿಲ್ಲಿಸಿ ಬಂದಿದ್ದೀವಿ, ಹೂರಣ ಒಲೆ ಪಕ್ಕದಲ್ಲೇ ಇದೆ ಅಂತ ಕೆಂಚಣ್ಣ ನೆಲ ನೋಡಿಕೊಂಡು ಹೇಳಿದ.

"ಪುಂಡಲೀಕ, ನಿನ್ನೆ ನಾನು ಹೇಳಿದ್ದನ್ನ ಇವರಿಗೆ ಹೇಳು."

ಎಲ್ಲರೂ ಅವನ ಕಡೆ ತಿರುಗಿದರು. ಇಷ್ಟೊಂದು ಜನ. ಕ್ಷಮಾಪಣೆ, ವಿವರಣೆ, ಒಂದು ಉಪಕಥೆ, ಎಲ್ಲಾ ಗಂಟಲಿಗೆ ಬಂದು ನಿಂತವು.

"ಅಮ್ಮನಿಗೆ ಮಂಡಿ ನೋವು. ಬರಲ್ಲ."

ಕೆಂಚಣ್ಣ ಕಾದ. "ಅಷ್ಟೇನಾ ಸ್ವಾಮಿ?"

ಪುಂಡಲೀಕನ ಬಾಯಿ ಒಂದು ಸಲ ತೆರೆದು ಮುಚ್ಚಿತು.

"ಅಷ್ಟೇ."

"ಮಂಡಿ ನೋವಿಗಾದ್ರೆ ಹೊತ್ಕೊಂಡು ಹೋಗಬಹುದಲ್ಲ," ಅಂದ ಕೆಂಚಣ್ಣ. ತಂದ ಬಿದಿರನ್ನ ಕಟ್ಟಿ, ಮೇಲೊಂದು ಮಣೆ ಬಿಗಿದು, ಸುಭದ್ರಮ್ಮನನ್ನ ಹಾರ ಸಮೇತ ಕೂರಿಸಿಕೊಂಡು ಹೋದರು. ತಮಟೆಯವನು ಬೇರೆ ತಾಳ ಹಿಡಿದ. ಮಗುವಿಗೆ ಅವತ್ತೇ ಹೆಸರಾಯಿತು.

ಪರೀಕ್ಷೆಯೂ ಬಂತು, ಹೋಯಿತು.

ಪರೀಕ್ಷೆ ಬರೆದು ಪಟ್ಟಣದಿಂದ ವಾಪಸ್ ಬಂದವನು ಜಗಲಿಯಲ್ಲಿ ಕೂರಲಿಲ್ಲ. ಕಂಬ ಮುಟ್ಟಿ ಬರುತ್ತಾನೆ, ನೀರು ನೋಡಿ ಬರುತ್ತಾನೆ. ಸುಭದ್ರಮ್ಮ ಸೊಪ್ಪು ಬಿಡಿಸುತ್ತಾ, ಏನು ಕಥೆ ಕೊಟ್ಟಿದ್ದರು ಅಂತ ಕೇಳಿದರು.

ಪುಂಡಲೀಕ ನಿಂತ.

"ಒಬ್ಬ ಕೊಡೆ ರಿಪೇರಿಯವನು. ಯಾರೋ ಒಂದು ಕೊಡೆ ಕೊಟ್ಟು ಹೋದರು, ಮತ್ತೆ ಬರಲಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಅದನ್ನ ಬಿಚ್ಚಿ, ಒಣಗಿಸಿ, ಮಡಚಿಡ್ತಾ ಇದ್ದ. ಅಂಗಡಿ ಮುಚ್ಚಿದ ದಿನ ಅದನ್ನ ಬಾಗಿಲಿಗೆ ನೇತುಹಾಕಿ ಹೋದ."

"ಆಮೇಲೆ?"

"ಅಷ್ಟೇ ಅಮ್ಮ."

"ಕೊಡೆ ಯಾರದು?"

"ಪುಟದಲ್ಲಿ ಇರಲಿಲ್ಲ."

"ಅವನು ಅತ್ತನಾ?"

"ಪುಟದಲ್ಲಿ ಇರಲಿಲ್ಲ."

ಸುಭದ್ರಮ್ಮ ತಲೆ ಆಡಿಸಿ ಸೊಪ್ಪಿನ ಕಡೆ ತಿರುಗಿದರು. ಪುಂಡಲೀಕ ಮತ್ತೆ ಕಂಬದ ಹತ್ತಿರ ಹೋದ, ಬಂದ. ಹೊಳೆ ನೋಡಿದ. ಕೊನೆಗೆ ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ಈ ಸಲ ಪಾಸಾಗ್ತೀನಾ? ಆ ಸೀಟು ನಂಗೆ ಸಿಗುತ್ತಾ?"

ಅವರು ಒಂದು ಕಟ್ಟು ಸೊಪ್ಪನ್ನ ಅವನ ಕಡೆ ತಳ್ಳಿದರು.

"ಅದು ಪುಟದಲ್ಲಿ ಇತ್ತಾ?"