ವಿಮಾನದ ಮೂರು ಗಾಯ

"ತುಂಬೆಪಟ್ಟಣದ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ನಮ್ಮ ರಾಜ ಪ್ರಚಂಡರಾಯರು ಪ್ರಯಾಣಿಕರಿಗಾಗಿ ತರಿಸಿದ ಹೊಚ್ಚ ಹೊಸ ವಿಮಾನಕ್ಕೆ ತಿಂಗಳೊಳಗೆ ಮೂರು ಗಾಯಗಳಾಗಿವೆ. ಮಾಡಿದವರು ಯಾರೆಂದು ಹೇಳಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರಿಗೆ ತಲೆದಂಡ. ಯಾರೂ ಹೇಳದಿದ್ದರೆ ನಾಳೆ ಏಣಿ ತಳ್ಳುವ ದೂಳಪ್ಪನಿಗೆ ಗಲ್ಲು!"

ಡಂಗುರ ಕೇಳಿ ಮಾಳವ್ವನ ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿ ಬಿತ್ತು. ಇಳಿದ ವಿಮಾನದ ಮೈ ಒರೆಸುವುದು ಅವಳ ಕೆಲಸ. ದೂಳಪ್ಪ ಅವಳ ಅಪ್ಪ. ಇರುವೆಗೂ ದಾರಿ ಬಿಡುವ ಮನುಷ್ಯನಿಗೆ ಗಲ್ಲೇ? ದಿಗಿಲಿಗೆ ಅವಳಿಗೆ ಅಳು ಕೂಡ ಬರಲಿಲ್ಲ.

ಮರುದಿನ ಸಭೆ ಕಿಕ್ಕಿರಿದಿತ್ತು. ಕೈಗೆ ಬೇಡಿ ಬಿದ್ದಿದ್ದ ದೂಳಪ್ಪ ಮೂಲೆಯಲ್ಲಿ ನಿಂತಿದ್ದ.

ರಾಜ ಕೇಳಿದ: "ತೆರೆದ ಬಾಗಿಲಿಗೂ ಅದರ ಕೆಳಗಿನ ಏಣಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಏಣಿ ಅಲುಗಿಲ್ಲ, ಚಕ್ರ ಉರುಳಿಲ್ಲ. ಆದರೂ ಬಾಗಿಲ ಅಂಚು ನಜ್ಜಿತು. ಒತ್ತಿದವರು ಯಾರು?"

ಮೀಸೆ ತಿರುವುತ್ತ ಬಂದ ಸೇನಾಪತಿ "ಶತ್ರು ಗೂಢಚಾರ" ಎಂದ. ಜೋಯಿಸರು "ಶನಿ" ಎಂದರು. ಇಬ್ಬರನ್ನೂ ದರದರನೆ ಎಳೆದೊಯ್ದರು. ಮಾಳವ್ವ ಮುಂದೆ ಬಂದಳು.

"ಹತ್ತಿದ ಮಂದೀನ ಒತ್ಯಾರ್ರಿ. ಖಾಲಿ ಇದ್ದಾಗ ವಿಮಾನದ ಹೊಟ್ಟಿ ನನ್ನ ಕೈಗೆ ಎಟುಕಂಗಿಲ್ಲ. ಮಂದಿ, ಪೆಟ್ಟಿಗಿ ತುಂಬಿದ ಮ್ಯಾಲೆ ಎಟುಕತೈತಿ. ಭಾರಕ್ಕ ಅದು ಕೆಳಗ ಕುಸೀತೈತಿ. ಬಾಗಿಲು ಏಣಿ ಮ್ಯಾಲೆ ಕುಂತಿತು."

ವಿಮಾನ ನಡೆಸುವವನು ಹೌದೆಂದು ತಲೆಯಾಡಿಸಿದ.

ರಾಜ ಎರಡನೆಯ ಗಾಯಕ್ಕೆ ಬಂದ: "ಟಿಕೆಟ್ಟಿಲ್ಲದೆ ನಡು ಆಕಾಶದಲ್ಲಿ ಮೂಗಿನಲ್ಲಿ ಹತ್ತಿ ಬಾಲದಲ್ಲಿ ಇಳಿದವನು ಯಾರು? ಎರಡು ಕಡೆ ಸಣ್ಣ ತೂತು ಬಿಟ್ಟು ಹೋಗಿದ್ದಾನೆ. ಒಳಗಿದ್ದ ಯಾರಿಗೂ ತಾಗಿಲ್ಲ."

"ಸಿಡಿಲ್ರಿ. ಎರಡೂ ತೂತಿನ ಅಂಚು ಕರಗಿತ್ತು. ಒಳಗ ಹೊಗದ, ತಗಡಿನ ಮ್ಯಾಲೆನ ಹರದು ಹೋಗೇತಿ."

ರಾಜ ಸಿಂಹಾಸನದ ತುದಿಗೆ ಸರಿದ. "ಹಾಡಹಗಲು, ಸುತ್ತ ನೂರು ಜನ. ಎಂಜಿನ್ನಿನ ಬಾಯಂಚು ತಗ್ಗಾಯಿತು. ಕೇಳಿದರೆ ಒಬ್ಬನೂ ನೋಡಿಲ್ಲವಂತೆ! ಅಷ್ಟು ಕಣ್ಣಿಗೂ ಕಾಣದ ಆ ಕೈ ಯಾರದು?"

ಮೂಲೆಯಲ್ಲಿ ಅಪ್ಪ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಮಾಳವ್ವ ಕಣ್ಣು ಮುಚ್ಚಿ ಹೇಳಿಬಿಟ್ಟಳು:

"ನಿಮ್ಮದರಿ."

ತಪ್ಪು ಹೇಳಿದವರ ತಲೆ ಕಡಿಯಲು ಕಾದಿದ್ದ ಕಟುಕ ಕತ್ತಿ ಎತ್ತಿದವನು ಹಾಗೆಯೇ ನಿಂತ. ಮಂತ್ರಿ ಕುಸಿದು ಕೂತ.

"ಶುಕ್ರವಾರಕ್ಕೊಮ್ಮೆ ಪೂಜಿ ಮಾಡಿ ಎಂಜಿನ್ನಿನ ಅಂಚಿಗೇ ತೆಂಗಿನಕಾಯಿ ಒಡೀತೀರಿ. ರಥದ ಚಕ್ರ ತಡಕೊಂಡೀತು, ಈ ತೆಳು ತಗಡು ತಡೀತದೇನ್ರಿ? ತಗ್ಗಿನ್ಯಾಗಿನ ನಾರು ನಾನ ತೆಗದೀನಿ."

ರಾಜ ತನ್ನ ಬಲಗೈಯನ್ನು ಹೊಸದೆಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಮುಖ ಸುಣ್ಣವಾಗಿತ್ತು. ಆಮೇಲೆ ಅಂದ: "ಎಲ್ಲರನ್ನೂ ಬಿಡಿ. ಅರ್ಧ ರಾಜ್ಯ ಇವಳದು."

ಮಾಳವ್ವನಿಗೆ ರಾಜ್ಯ ಕೇಳಿಸಲೇ ಇಲ್ಲ. ಓಡಿ ಅಪ್ಪನನ್ನು ತಬ್ಬಿದಳು. "ನಿನಗ ಗೊತ್ತಿರಲಿಲ್ಲೇನಪ್ಪಾ?"

"ಮೊದಲನೇ ಕಾಯಿ ಒಡದಾಗನ ನೋಡೀನವ್ವ," ಎಂದ ದೂಳಪ್ಪ. "ರಾಜರ ಮುಂದ ಅದನ್ನ ಹೇಳೋದಕ್ಕಿಂತ ಗಲ್ಲಿಗೆ ಹೋಗೋದು ಸಸಾರ ಅನಿಸಿತು."

ರಾಜ ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿದ.