ಮೂಗು ಸವೆದ ರಾಣಿ

ಹಳೇ ನಾಣ್ಯದ ಅಂಗಡಿಯ ಗುಮಾಸ್ತನಿಗೆ ಅಂದು ಬೆಳಗಿನಿಂದಲೇ ಸಾಕುಸಾಕಾಗಿತ್ತು. ನಾಣ್ಯ ಎಷ್ಟು ಸವೆದಿದೆ ಎಂದು ನೋಡಿ ದರ್ಜೆ ಬರೆದುಕೊಡುವುದು ಅವನ ಕೆಲಸ. ಬಂದವರಿಗೆಲ್ಲ ಮೊದಲ ದರ್ಜೆಯೇ ಬೇಕು.

ಮಧ್ಯಾಹ್ನ ಸಾಹುಕಾರ ಮುದ್ದುವೀರಪ್ಪನವರು ತಾಯಿಯನ್ನೂ ಕರೆದುಕೊಂಡು ಬಂದರು. ರೇಷ್ಮೆ ಚೀಲದಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಫಳಫಳ ಹೊಳೆಯುತ್ತಿತ್ತು, ಆದರೆ ಅದರ ಮೇಲಿದ್ದ ರಾಣಿಗೆ ಮೂಗೇ ಇರಲಿಲ್ಲ.

"ಇದನ್ನ ಇವತ್ತಿನವರೆಗೂ ಯಾರೂ ಕೈಯಲ್ಲಿ ಮುಟ್ಟಿಲ್ಲ. ಮೊದಲ ದರ್ಜೆ ಅಂತ ಬರಿ. ಇಲ್ಲಾಂದ್ರೆ ನಿನ್ನ ಯಜಮಾನರಿಗೆ ಹೇಳಿ ಕೆಲಸದಿಂದ ತೆಗೆಸ್ತೀನಿ" ಎಂದರು.

ವಾದ ಮಾಡಲು ಗುಮಾಸ್ತನಿಗೆ ತ್ರಾಣವಿರಲಿಲ್ಲ. ರಾಣಿಯ ಕಿವಿಯ ಸಂದಿಯಲ್ಲಿ ಚೂರು ಕುಂಕುಮ ಕಂಡಿತು. ನಿಟ್ಟುಸಿರು ಬಿಟ್ಟು, ಪೆನ್ನು ತೆಗೆದು, ಮುದುಕಿಯ ಕಡೆ ತಿರುಗಿದ.

"ಬರೀತೀನಿ ಬಿಡಿ. ಅಮ್ಮಾ, ಈ ರೂಪಾಯಿನ ನಿಮ್ಮನೇಲಿ ಯಾವತ್ತೂ ತೊಳೆದಿಲ್ಲ, ಪೂಜೆಗೂ ಇಟ್ಟಿಲ್ಲ ಅಂತ ಬರೀಬೇಕಾಗುತ್ತೆ. ಆಗಬಹುದಾ?"

ಮುದುಕಿ ಕೆಂಡವಾದರು. "ಏನಂದೆ? ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಶುಕ್ರವಾರ ವಿಭೂತಿ ಹಾಕಿ ತಿಕ್ಕಿ ಲಕ್ಷ್ಮಿ ಮುಂದೆ ಇಟ್ಟಿದೀನಿ! ಕೈ ಮುಟ್ಟಿಲ್ಲವಂತೆ! ಆ ಮೂಗು ಸವೆಸಿದವಳೇ ನಾನು. ಸವೆದಿದೆ ಅಂತಲೇ ಬರಿಯಪ್ಪಾ, ದಪ್ಪ ಅಕ್ಷರದಲ್ಲಿ ಬರಿ!"

ಮುದ್ದುವೀರಪ್ಪನವರು ಸೂರು ನೋಡುತ್ತಾ ನಿಂತರು.

ಗುಮಾಸ್ತ ಕೊನೆಯ ದರ್ಜೆ ಬರೆದುಕೊಟ್ಟ. ಮುದುಕಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗಿಟ್ಟರು.

"ಇದಕ್ಕೊಂದು ಕಟ್ಟು ಹಾಕಿಸೋ. ದೇವರ ಮನೇಲಿ ತೂಗುಹಾಕೋಣ."