ಪ್ರೊಜೆಕ್ಟರ್ ಮೇಲೆ ಬಿಸಿಯಾದ ಸಾರು

ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದರೆ ಸಾಕು, ಯಾರಾದರೂ ಕೂಗಿಯೇ ಕೂಗುತ್ತಾರೆ. ಮನೆಗೆ ಓಡಿ ಮಗುವಿಗೆ ಹಾಲು ಕುಡಿಸಿ ಬಂದಿದ್ದೆ, ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ. ಸೂಪರಿಂಟೆಂಡೆಂಟರು ಬಾಗಿಲಲ್ಲಿ ನಿಂತು ಗುಡುಗಿದರು: "ರುಕ್ಸಾನಾ ಮಿಸ್ ಅವರ ಎರಡು ಗಂಟೆಯ ಕ್ಲಾಸಿಗೆ ಪ್ರೊಜೆಕ್ಟರ್ ಸಿಗದಿದ್ದರೆ ನಾಳೆಯಿಂದ ನೀನು ಬರಬೇಡ!"

ಕಾಲೇಜಿನ ಅಟೆಂಡರ್ ನಾನು. ಪ್ರೊಜೆಕ್ಟರ್ ಹಿಡಿದಿಟ್ಟುಕೊಂಡವರು ಪ್ರೊಫೆಸರ್ ಸೀಬಯ್ಯನವರು. ಬೈಸಿಕೊಳ್ಳುವವಳು ಮಾತ್ರ ನಾನೇ. ತಿಂಗಳಿಂದ ಅದು ಅವರ ರೂಮಿನಲ್ಲೇ ಇದೆ, ಕ್ಲಾಸಿಗೆ ಒಯ್ದದ್ದನ್ನು ಯಾರೂ ಕಂಡಿಲ್ಲ. ಹಾಳೆ ಇಟ್ಟು ತೋರಿಸುವ ಹಳೇ ಕಾಲದ ಪ್ರೊಜೆಕ್ಟರ್ ಅದು; ಒಳಗಿನ ದೀಪ ಹಾಕಿ, ಬಿಸಿಯಾದ ಚಪ್ಪಟೆ ಗಾಜಿನ ಮೇಲೆ ಊಟದ ಡಬ್ಬಿ ಇಟ್ಟು ಸಾರು ಕಾಯಿಸಿಕೊಳ್ಳುತ್ತಾರೆ.

ಹೋಗಿ ಕೇಳಿದರೆ, "ಅದು ನನ್ನ ಪಾಠಕ್ಕೆ ಬೇಕು, ಹೋಗಮ್ಮ" ಎಂದರು. ಮೈಯೆಲ್ಲ ಉರಿಯಿತು. ಆದರೂ ಮೆತ್ತಗೆ ಹೇಳಿದೆ: "ಇಟ್ಕೊಳ್ಳಿ ಸಾರ್. ನೀವು ಇದರಲ್ಲಿ ಪಾಠ ಮಾಡೋದನ್ನ ನೋಡೋಕೆ ಪ್ರಿನ್ಸಿಪಾಲರನ್ನೇ ಕರ್ಕೊಂಡು ಬರ್ತೀನಿ."

ಸೀಬಯ್ಯನವರು ಎದ್ದು ನಿಂತರು. ಸಾರಿನ ಡಬ್ಬಿಯನ್ನು ತಾವೇ ಎತ್ತಿ, ಬೆರಳು ಸುಟ್ಟುಕೊಂಡರು. "ಇದರ ಬಲ್ಬ್ ಯಾಕೋ ಸರಿಯಿಲ್ಲಮ್ಮ. ಮೊದಲು ತಗೊಂಡು ಹೋಗು!"

ಬಲ್ಬ್ ಕ್ಲಾಸಿನುದ್ದಕ್ಕೂ ಚೆನ್ನಾಗಿಯೇ ಉರಿಯಿತು. ಕೊನೆಗೆ ನಡೆದದ್ದನ್ನೆಲ್ಲ ಹೇಳಿದಾಗ ರುಕ್ಸಾನಾ ಮಿಸ್ ನಗುತ್ತ ಕೇಳಿದರು: "ಇನ್ನೊಂದು ಪ್ರೊಜೆಕ್ಟರ್ ಪ್ರಿನ್ಸಿಪಾಲರ ರೂಮಲ್ಲೇ ಹೂಕುಂಡದ ಕೆಳಗಿದೆಯಲ್ಲ, ಅಲ್ಲಿಗೆ ಯಾರನ್ನ ಕರ್ಕೊಂಡು ಬರ್ತೀಯಮ್ಮ?"